‘ಪುಶಿಂಗ್ ಡೇಸೀಸ್’ ನೋಡಿ ಎಂದು ಸ್ನೇಹಿತರಿಗೆ ಹೇಳುವುದು ಹೇಗೆ?

ಪ್ರಶ್ನೆ ಕೇಳಿದವರು: ಮುಸ್ಸಂಜೆ

ನನಗೆ ಬಲು ಇಷ್ಟವಾದ ಧಾರಾವಾಹಿ ಒಂದಿದೆ, ‘ಪುಶಿಂಗ್ ಡೇಸೀಸ್’. ಬ್ರಯನ್ ಫುಲ್ಲರ್ ಬರೆದು ಕಟ್ಟಿದ್ದು. 2007ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಶುರುವಾಗಿ 2009ರಲ್ಲಿ ನಿಂತುಹೋಯಿತು. ನಾನು ಮೂರು ಸಲ ಪೂರ್ತಿ ನೋಡಿದ್ದೇನೆ. ಐವರು ಸ್ನೇಹಿತರಿಗೆ ನೋಡಲು ಹೇಳಿದೆ. ಒಬ್ಬರೂ ಎರಡನೆಯ ಕಂತು ದಾಟಲಿಲ್ಲ.

ಕಥೆಯನ್ನು ನಾನು ಹೇಳುವುದು ಹೀಗೆ. ನೆಡ್ ಎಂಬವನು ಪೈ, ಅಂದರೆ ಹಿಟ್ಟಿನ ಹಾಳೆಯೊಳಗೆ ಹಣ್ಣು ತುಂಬಿದ ತಿಂಡಿ, ಬೇಯಿಸಿ ಮಾರುತ್ತಾನೆ. ಸತ್ತದ್ದನ್ನು ಅವನು ಬೆರಳಿನಿಂದ ಮುಟ್ಟಿದರೆ ಅದಕ್ಕೆ ಜೀವ ಬರುತ್ತದೆ. ಎರಡನೆಯ ಸಲ ಮುಟ್ಟಿದರೆ ಸಾಯುತ್ತದೆ, ಆಮೇಲೆ ಏನು ಮಾಡಿದರೂ ಏಳುವುದಿಲ್ಲ. ಎದ್ದದ್ದನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬದುಕಲು ಬಿಟ್ಟರೆ ಹತ್ತಿರದಲ್ಲಿರುವ ಇನ್ನೊಂದು ಜೀವ ಹೋಗುತ್ತದೆ. ಒಬ್ಬ ಖಾಸಗಿ ಪತ್ತೇದಾರನಿಗೆ ಈ ಗುಟ್ಟು ತಿಳಿಯುತ್ತದೆ. ಇಬ್ಬರೂ ಸೇರಿ ಕೊಲೆಯಾದವರನ್ನು ಒಂದೇ ನಿಮಿಷ ಎಬ್ಬಿಸಿ, ಕೊಂದವರು ಯಾರೆಂದು ಕೇಳಿ, ಬಹುಮಾನದ ಹಣ ಹಂಚಿಕೊಳ್ಳುತ್ತಾರೆ. ಒಂದು ದಿನ ಶವಪೆಟ್ಟಿಗೆಯಲ್ಲಿ ಮಲಗಿರುವವಳು ನೆಡ್ ಬಾಲ್ಯದಲ್ಲಿ ಪ್ರೀತಿಸಿದ್ದ ಚಕ್. ಅವಳನ್ನು ಎಬ್ಬಿಸುತ್ತಾನೆ. ಮತ್ತೆ ಮುಟ್ಟಲು ಅವನಿಗೆ ಮನಸ್ಸೇ ಬರುವುದಿಲ್ಲ. ಅವಳು ಬದುಕಿ ಅವನ ಜೊತೆಯಲ್ಲೇ ಉಳಿಯುತ್ತಾಳೆ, ಆದರೆ ಇನ್ನೆಂದೂ ಅವನು ಅವಳನ್ನು ಮುಟ್ಟುವಂತಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಕೇಳುವವರ ಕಣ್ಣು ಮೊಬೈಲಿನತ್ತ ಹೋಗಿರುತ್ತದೆ. “ಭೂತದ ಕಥೆಯೇ?” ಎಂದು ಒಬ್ಬನು ಕೇಳಿದ. ಅಲ್ಲ. ಬಣ್ಣಬಣ್ಣದ, ಹಗುರವಾದ, ಒಳಗೊಳಗೇ ನೋಯುವ ಕಥೆ ಅದು. ಇದನ್ನು ಮಾತಿನಲ್ಲಿ ದಾಟಿಸುವುದು ನನಗೆ ಒಲಿಯುತ್ತಿಲ್ಲ.

ಇನ್ನೊಂದು ಸಂಗತಿ ಮನಸ್ಸಿನಲ್ಲಿ ಚುಚ್ಚುತ್ತಲೇ ಇದೆ. ಐವರಲ್ಲಿ ಒಬ್ಬಳು ನನ್ನ ಅತ್ಯಂತ ಹತ್ತಿರದ ಗೆಳತಿ. ಅವಳ ಅಮ್ಮ ತೀರಿಕೊಂಡು ಏಳು ತಿಂಗಳಾಗಿತ್ತು. ಮನಸ್ಸು ಹಗುರವಾಗಲಿ ಎಂದು ನಾನೇ ಒತ್ತಾಯಿಸಿ ನೋಡಲು ಹೇಳಿದೆ. ಮೊದಲ ಕಂತು ಆರಂಭವಾಗಿ ಸ್ವಲ್ಪ ಹೊತ್ತಿಗೇ ಪುಟ್ಟ ನೆಡ್‌ನ ತಾಯಿ ಅಡುಗೆಮನೆಯಲ್ಲಿ ಕುಸಿದು ಸಾಯುತ್ತಾಳೆ. ಅವನು ಮುಟ್ಟುತ್ತಾನೆ, ಏಳುತ್ತಾಳೆ. ರಾತ್ರಿ ಮಗನನ್ನು ಮಲಗಿಸಿ ಮುತ್ತಿಡುತ್ತಾಳೆ, ಆ ಮುತ್ತೇ ಎರಡನೆಯ ಸ್ಪರ್ಶ. ಗೆಳತಿ ಅಲ್ಲಿಗೇ ನಿಲ್ಲಿಸಿ, “ನನ್ನಿಂದ ಆಗಲಿಲ್ಲ ಕಣೇ” ಎಂದು ಸಂದೇಶ ಕಳಿಸಿದಳು. ಮೂರು ಸಲ ನೋಡಿದವಳಿಗೆ ಆ ದೃಶ್ಯ ನೆನಪಾಗಲಿಲ್ಲವಲ್ಲ ಎಂದು ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ.

ಇಂಥ ಧಾರಾವಾಹಿಯನ್ನು ಇನ್ನೊಬ್ಬರಿಗೆ ತಲುಪಿಸುವುದು ಹೇಗೆ? ಮಾಡಿ ಗೊತ್ತಿರುವವರು ಹೇಳಿ.

ಉತ್ತರ: ಕಾಡುಗೋಡೆ

ನೀವು ಹೇಳುತ್ತಿರುವುದು ಕಥೆಯ ನಿಯಮಗಳನ್ನು. ನಿಯಮ ಕೇಳಿ ಯಾರಿಗೂ ಆಸೆ ಹುಟ್ಟುವುದಿಲ್ಲ. ಒಂದೇ ಒಂದು ಚಿತ್ರ ಕೊಡಿ, ಅಲ್ಲಿಗೆ ಬಾಯಿ ಮುಚ್ಚಿ.

ನಾನೂ ಅದನ್ನು ನೋಡಿದ್ದೇನೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಹಣ್ಣು. ನೆಡ್ ಪೈಗೆ ಕೊಳೆತ ಹಣ್ಣು ತರುತ್ತಾನೆ, ಬೆರಳು ಸೋಕಿಸಿದೊಡನೆ ಬೂಸಲು ಮಾಯವಾಗಿ ಅದು ಆಗತಾನೇ ಕಿತ್ತಂತೆ ಕೆಂಪಾಗುತ್ತದೆ. ಊರವರೆಲ್ಲ ಚಪ್ಪರಿಸಿ ತಿನ್ನುತ್ತಾರೆ. ತಾನು ಮಾಡಿದ ಪೈಯನ್ನು ಅವನು ಮಾತ್ರ ತಿನ್ನಲಾರ, ಬಾಯಿಗೆ ತಾಗಿದರೆ ಹಣ್ಣು ಮತ್ತೆ ಕೊಳೆಯುತ್ತದೆ. ಚಕ್‌ಳ ಕಥೆ ಇದರಲ್ಲೇ ಇಲ್ಲವೇ? ಇಷ್ಟನ್ನು ಹೇಳಿದರೆ ಕೇಳಿದವರು ತಾವಾಗಿಯೇ “ಆಮೇಲೆ?” ಎನ್ನುತ್ತಾರೆ.

ನನಗೆ ಇದನ್ನು ಕಲಿಸಿದ್ದು ‘ಡಿಟೆಕ್ಟರಿಸ್ಟ್ಸ್’. ಮೆಕೆಂಜಿ ಕ್ರೂಕ್ ತಾನೇ ಬರೆದು, ನಿರ್ದೇಶಿಸಿ, ನಟಿಸಿದ ಬ್ರಿಟಿಷ್ ಸರಣಿ. 2014ರಿಂದ 2017ರ ನಡುವೆ ಮೂರು ಸೀಸನ್ ಬಂತು, ಒಂದೊಂದರಲ್ಲಿ ಆರಾರು ಕಂತು. ಲೋಹಶೋಧಕ ಯಂತ್ರ ಹಿಡಿದು ಹೊಲದಲ್ಲಿ ಹಳೆಯ ಚಿನ್ನ ಹುಡುಕುವ ಇಬ್ಬರು ಗೆಳೆಯರ ಕಥೆ. ಬಹುಪಾಲು ಸಿಗುವುದು ತಂಪು ಪಾನೀಯದ ಡಬ್ಬಿ ತೆರೆಯಲು ಎಳೆಯುವ ಉಂಗುರ. “ಏನೂ ನಡೆಯುವುದಿಲ್ಲ, ಆದರೂ ಸೊಗಸು” ಎಂದು ಎರಡು ವರ್ಷ ಎಲ್ಲರಿಗೂ ಹೇಳಿದೆ. ಏನೂ ನಡೆಯದ್ದನ್ನು ಯಾರು ನೋಡುತ್ತಾರೆ? ಕೊನೆಗೆ ಭಾನುವಾರವೆಲ್ಲ ಹಕ್ಕಿ ನೋಡುತ್ತಾ ಪೊದೆಯ ಹಿಂದೆ ಕೂರುವ ಗೆಳೆಯನಿಗೆ ಹೀಗೆ ಹೇಳಿದೆ: “ಇಬ್ಬರು ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚುತ್ತಾರೆ. ನಿನ್ನೆ ರಾತ್ರಿ ಟಿವಿಯಲ್ಲಿ ಬಂದ ರಸಪ್ರಶ್ನೆಯಲ್ಲಿ ಎಷ್ಟು ಉತ್ತರ ಬಂತು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಅವರ ಕಾಲ ಬುಡದಲ್ಲೇ ನಿಧಿ ಇರುತ್ತದೆ, ಅವರಿಗೆ ಗೊತ್ತಿಲ್ಲ.” ಅವನು ವಾರದೊಳಗೆ ಮೊದಲ ಸೀಸನ್ ಮುಗಿಸಿದ. ಯಂತ್ರವನ್ನು ‘ಡಿಟೆಕ್ಟರ್’ ಎನ್ನಬೇಕು, ಮನುಷ್ಯನನ್ನು ‘ಡಿಟೆಕ್ಟರಿಸ್ಟ್’ ಎನ್ನಬೇಕು ಎಂದು ಈಗ ನನ್ನನ್ನೇ ತಿದ್ದುತ್ತಾನೆ.

ಐವರಿಗೆ ಒಂದೇ ಮಾತು ಹೇಳಬೇಡಿ. ಒಬ್ಬೊಬ್ಬರಿಗೂ ಅವರವರ ಬಾಗಿಲು ಬೇರೆ.

ಉತ್ತರ: ಎಣ್ಣೆದೀಪ

ಒಂದು ಮಾತು ಸೇರಿಸುತ್ತೇನೆ. ‘ಪುಶಿಂಗ್ ಡೇಸೀಸ್’ ಒಟ್ಟು 22 ಕಂತು ಮಾತ್ರ ಎಂದು ಮೊದಲೇ ತಿಳಿಸಿ. ಚಿತ್ರಕಥೆಗಾರರ ಮುಷ್ಕರದಿಂದಾಗಿ ಮೊದಲ ಸೀಸನ್ 9ಕ್ಕೆ ನಿಂತಿತು, ಎರಡನೆಯದು 13. ಧಾರಾವಾಹಿಯನ್ನು ರದ್ದು ಮಾಡಿದ ಮೇಲೆ ಕೊನೆಯ ಕಂತಿಗೆ ಅವಸರದ ಮುಕ್ತಾಯ ಅಂಟಿಸಿದ್ದಾರೆ. ಅರ್ಧಕ್ಕೆ ನಿಲ್ಲುವ ಕಥೆ ಕೆಲವರಿಗೆ ಸಹಿಸಲು ಆಗುವುದಿಲ್ಲ. ಗೊತ್ತಿದ್ದು ನೋಡಿದರೆ ಸಿಟ್ಟು ಬರುವುದಿಲ್ಲ.

ಉತ್ತರ: ಹಳೆಯ ಆಂಟೆನಾ

ಕಾಡುಗೋಡೆಯವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಚಿತ್ರವನ್ನೂ ಕೊಡಬೇಡಿ. ಜೊತೆಗೆ ಕುಳಿತು ಹಾಕಿ, ಅಷ್ಟೇ.

ನನಗೆ ‘ದಿ ಪ್ರಿಸನರ್’ ತೋರಿಸಿದ್ದು ನನ್ನ ಅಣ್ಣ. 1967ರ ಬ್ರಿಟಿಷ್ ಸರಣಿ, 17 ಕಂತು. ಒಬ್ಬನು ಸಿಟ್ಟಿನಿಂದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮನೆಗೆ ಬರುತ್ತಾನೆ. ಬೀಗದ ತೂತಿನಿಂದ ಹೊಗೆ ನುಗ್ಗುತ್ತದೆ. ಎಚ್ಚರವಾದಾಗ ಚೆಂದದ ಒಂದು ಹಳ್ಳಿಯಲ್ಲಿರುತ್ತಾನೆ, ಅಲ್ಲಿ ಯಾರಿಗೂ ಹೆಸರಿಲ್ಲ, ಸಂಖ್ಯೆ ಮಾತ್ರ. ಅವನು ಆರು. ಹಳ್ಳಿಯ ಹೊರಾಂಗಣವನ್ನು ಬಹುಪಾಲು ವೇಲ್ಸ್‌ನ ಪೋರ್ಟ್‌ಮೇರಿಯನ್‌ನಲ್ಲಿ ಚಿತ್ರಿಸಿದ್ದಾರೆ. ಅಲ್ಲಿಂದ ಓಡುವವರನ್ನು ಹಿಡಿಯಲು ಬರುವುದು ನಾಯಿಯಲ್ಲ, ಪೊಲೀಸರಲ್ಲ, ಒಂದು ದೊಡ್ಡ ಬಿಳಿ ಬಲೂನು.

ಅಣ್ಣ ಇದರಲ್ಲಿ ಒಂದಕ್ಷರವನ್ನೂ ನನಗೆ ಹೇಳಿರಲಿಲ್ಲ. ಬಲೂನು ಮೊದಲ ಸಲ ಪುಟಿಯುತ್ತಾ ಬಂದಾಗ ನನಗೆ ನಗು ಬಂತು. ಅದು ಒಬ್ಬನ ಮುಖದ ಮೇಲೆ ಅಂಟಿಕೊಂಡು ಉಸಿರುಗಟ್ಟಿಸಿದಾಗ ನಗು ಗಂಟಲಲ್ಲೇ ನಿಂತಿತು. ಮುಂಚೆಯೇ “ಭಯಂಕರವಾದ ಬಲೂನು ಬರುತ್ತದೆ” ಎಂದಿದ್ದರೆ ಆ ನಗುವೂ ಇರುತ್ತಿರಲಿಲ್ಲ, ಭಯವೂ ಇರುತ್ತಿರಲಿಲ್ಲ. ಅಣ್ಣ ಆ ಹೊತ್ತು ಪರದೆಯತ್ತ ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದ. ಅದು ನನಗೆ ತಿಳಿದದ್ದು ವರ್ಷಗಳ ಮೇಲೆ, ನಾನು ಇನ್ನೊಬ್ಬರಿಗೆ ಅದನ್ನೇ ತೋರಿಸುವಾಗ.

ಲಿಂಕ್ ಕಳಿಸಿ ಕಾಯುವುದನ್ನು ಬಿಡಿ. ಒಂದು ಸಂಜೆ ಕೊಡಿ.

ಉತ್ತರ: ಕಾಡುಗೋಡೆ

ಅಣ್ಣನ ಮಾತು ಸರಿ. ಆದರೆ ಮುಸ್ಸಂಜೆಯವರ ಗೆಳತಿಗೆ ಏನೂ ಹೇಳದೆ ಹಾಕಿದ್ದರಿಂದಲೇ ಅಲ್ಲವೇ ನೋವಾದದ್ದು? ಬಲೂನನ್ನು ಮುಚ್ಚಿಡಬಹುದು. ತಾಯಿಯ ಸಾವನ್ನು ಮುಚ್ಚಿಡುವುದು ಬೇರೆ.

ಉತ್ತರ: ಹಳೆಯ ಆಂಟೆನಾ

ಒಪ್ಪಿದೆ. ಅಲ್ಲಿ ಹೇಳಲೇಬೇಕು.

ಮತ್ತೆ ಮುಸ್ಸಂಜೆ

ಇಷ್ಟು ಮನಸ್ಸಿಟ್ಟು ಬರೆದಿರುವುದಕ್ಕೆ ಎಲ್ಲರಿಗೂ ನಮಸ್ಕಾರ. ಮೂರು ವಾರದ ಮೇಲೆ ಬರುತ್ತಿದ್ದೇನೆ, ಏನಾಯಿತೆಂದು ತಿಳಿಸಬೇಕು ಅನ್ನಿಸಿತು.

ಕಚೇರಿಯ ಇಬ್ಬರಿಗೆ ಹಣ್ಣಿನ ಮಾತು ಹೇಳಿದೆ, ಬೇರೇನೂ ಹೇಳಲಿಲ್ಲ. ಒಬ್ಬನು ನೋಡಿಲ್ಲ. ಇನ್ನೊಬ್ಬಳು ಮರುದಿನ ಬಂದು, “ಆ ಪ್ಲಾಸ್ಟಿಕ್ ಹಾಳೆ!” ಎಂದಳು. ಇಬ್ಬರ ತುಟಿಗಳ ನಡುವೆ ತೆಳುವಾದ ಹಾಳೆ ಹಿಡಿದು ಮುತ್ತಿಡುವ ದೃಶ್ಯ ಅದು. ರಾತ್ರಿಯೆಲ್ಲ ಕುಳಿತು ಅಲ್ಲಿಯವರೆಗೆ ಹೋಗಿದ್ದಳು.

ಗೆಳತಿಯ ಬಳಿಗೆ ಹೋಗಲು ನನಗೆ ಧೈರ್ಯ ಬೇಕಾಯಿತು. ಮೊದಲು ಕ್ಷಮೆ ಕೇಳಿದೆ. ಆಮೇಲೆ ಆ ದೃಶ್ಯವನ್ನು ಅಡುಗೆಮನೆಯಿಂದ ಮುತ್ತಿನವರೆಗೆ ಏನೂ ಬಿಡದೆ ಹೇಳಿದೆ. “ಮುಂದೆ ಇನ್ನೂ ಸಾವುಗಳಿವೆ, ಆದರೆ ಅದು ಸಾವನ್ನು ಹಗುರ ಮಾಡುವ ಕಥೆಯಲ್ಲ. ನಿನಗೆ ಬೇಡವಾದರೆ ಇನ್ನೆಂದೂ ಈ ಹೆಸರು ಎತ್ತುವುದಿಲ್ಲ” ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. “ನೀನು ಪಕ್ಕದಲ್ಲಿ ಇರುತ್ತೀಯಾ?” ಎಂದು ಕೇಳಿದಳು.

ಶನಿವಾರ ಸಂಜೆ ಇಬ್ಬರೂ ಕುಳಿತೆವು. ಅಡುಗೆಮನೆಯ ದೃಶ್ಯ ಬರುವ ಮುಂಚೆ ನಾನು ರಿಮೋಟನ್ನು ಅವಳ ಕೈಗೆ ಕೊಟ್ಟೆ. ಅವಳು ನಿಲ್ಲಿಸಿದಳು, ಎದ್ದು ಹೋಗಿ ನೀರು ಕುಡಿದು ಬಂದಳು, ತಾನೇ ಮತ್ತೆ ಹಾಕಿದಳು. ಅಳಲಿಲ್ಲ. ಕಂತು ಮುಗಿದ ಮೇಲೆ ಅವಳು ಆಡಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅದರಲ್ಲಿ ಒಬ್ಬ ನಿರೂಪಕನಿದ್ದಾನೆ, ಜಿಮ್ ಡೇಲ್ ಅವರ ಧ್ವನಿ. ಯಾರ ವಯಸ್ಸು ಹೇಳಿದರೂ ವರ್ಷ, ವಾರ, ದಿನ, ನಿಮಿಷ ಎಲ್ಲವನ್ನೂ ಸೇರಿಸಿ ಹೇಳುತ್ತಾನೆ. ಮೂರು ಸಲ ನೋಡಿದ ನನಗೆ ಅದು ಬರೀ ತಮಾಷೆಯಾಗಿ ಕೇಳಿಸಿತ್ತು. ಅವಳು ಹೇಳಿದಳು: “ಅಮ್ಮ ಹೋಗಿ ಎಷ್ಟಾಯಿತೆಂದು ನಾನೂ ಹೀಗೆಯೇ ಲೆಕ್ಕ ಇಟ್ಟಿದ್ದೇನೆ. ಇಲ್ಲಿ ಒಬ್ಬನು ಅದನ್ನು ಗಟ್ಟಿಯಾಗಿ ಹೇಳುತ್ತಿದ್ದಾನೆ.”

ನಾಲ್ಕು ಕಂತು ಮುಗಿದಿವೆ. ಐದನೆಯದು ಈ ಶನಿವಾರ, ಈ ಸಲ ಅವಳ ಮನೆಯಲ್ಲಿ.