ಪದಚರ್ಚೆ: ‘ಹಠಮಾರಿ ಬೀಜ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಪಶ್ಚಿಮ ಘಟ್ಟದಲ್ಲಿ ಹಾಳಾದ ಮಳೆಕಾಡನ್ನು ಮತ್ತೆ ಬೆಳೆಸುತ್ತಿರುವ ಕೆಲವು ನರ್ಸರಿಗಳಿಗೆ ಒಂದು ದಾಖಲೆ ಪುಸ್ತಕ ತಯಾರಾಗುತ್ತಿದೆ. ಯಾವ ಮರದ ಬೀಜ ಎಲ್ಲಿ ಸಿಕ್ಕಿತು, ಯಾವ ತಿಂಗಳು ಉದುರಿತು, ಎಷ್ಟು ಹುಟ್ಟಿತು ಅಂತ ಒಬ್ಬರು ಬರೆದದ್ದು ಉಳಿದವರಿಗೂ ಸಿಗಲಿ ಅಂತ. ಕನ್ನಡ ತಿದ್ದುವ ಕೆಲಸ ನನ್ನದು. ‘ಬೀಜದ ಬಗೆ’ ಅನ್ನುವ ಕಾಲಮ್ಮಿನಲ್ಲಿ ಸಿಕ್ಕಿಬಿದ್ದಿದ್ದೇನೆ.

ಇಂಗ್ಲಿಷಿನಲ್ಲಿ ಆರ್ಥೊಡಾಕ್ಸ್, ರಿಕ್ಯಾಲ್ಸಿಟ್ರಂಟ್ ಅಂತಾರೆ. 1973ರಲ್ಲಿ ಬೀಜ ವಿಜ್ಞಾನಿ ಇ. ಎಚ್. ರಾಬರ್ಟ್ಸ್ ಕೊಟ್ಟ ಹೆಸರುಗಳು. ಚೆನ್ನಾಗಿ ಒಣಗಿಸಿ ತಂಪಿನಲ್ಲಿಟ್ಟರೆ ಬಹಳ ಕಾಲ ಬಾಳುವುದು ಮೊದಲನೆಯದು: ಭತ್ತ, ರಾಗಿ, ತೇಗ. ಒಣಗಿದರೆ ಸಾಯುವುದು ಎರಡನೆಯದು: ಹಲಸು, ಮಾವು, ಧೂಪದ ಮರ. ಮಳೆಕಾಡಿನ ನಿತ್ಯಹಸಿರು ಮರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಎರಡನೇ ಗುಂಪಿನವೇ. ಇವುಗಳ ಬೀಜವನ್ನು ಬಹಳ ಕಾಲ ಕೂಡಿಡಲು ಆಗಲ್ಲ. ಉದುರುವ ಕಾಲವನ್ನಾದರೂ ಬರೆದಿಟ್ಟು ಹಂಚಿಕೊಳ್ಳಬೇಕು.

ಕೈಗೆ ಬಂದ ಕರಡಿನಲ್ಲಿ ಈ ಇಂಗ್ಲಿಷ್ ಹೆಸರುಗಳನ್ನು ಪದಕ್ಕೆ ಪದ ಅನುವಾದಿಸಿ ‘ಸಂಪ್ರದಾಯಸ್ಥ ಬೀಜ’, ‘ಹಠಮಾರಿ ಬೀಜ’ ಅಂತ ಬರೆದಿದೆ. ಮೊದಲನೆಯದು ಮಡಿ ಉಟ್ಟ ಬೀಜದ ಥರ ಕೇಳಿಸುತ್ತೆ, ಹೋಗಲಿ. ತೊಂದರೆ ಎರಡನೆಯದರದ್ದು. ನರ್ಸರಿಯವರಿಗೆ ಹಠಮಾರಿ ಅಂದರೆ ಸುಲಭಕ್ಕೆ ಹುಟ್ಟದ ಬೀಜ. ಹಾಗೆ ನೋಡಿದರೆ ತೇಗವೇ ಹಠಮಾರಿ. ದಿನಗಟ್ಟಲೆ ನೆನೆಸಿ, ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ ಅದನ್ನು ಎಬ್ಬಿಸಬೇಕು. ಧೂಪ ಹಾಗಲ್ಲ. ಮುಂಗಾರು ಹಿಡಿದರೆ ಮರದಡಿ ಬಿದ್ದಲ್ಲೇ ಬೇರು ಬಿಟ್ಟಿರುತ್ತೆ. ಪುಸ್ತಕದಲ್ಲಿ ‘ಹಠಮಾರಿ’ ಅಂತ ಓದಿ ಯಾರಾದರೂ ಅದಕ್ಕೂ ತೇಗದ ಉಪಚಾರ ಮಾಡಿದರೆ ಆ ವರ್ಷದ ಸಸಿ ಕೈಬಿಟ್ಟ ಹಾಗೆಯೇ.

‘ಒಣಬೀಜ, ಹಸಿಬೀಜ’ ಅನ್ನಿ ಅಂತ ಗೆಳೆಯರೊಬ್ಬರು ಹೇಳಿದರು. ಚಿಕ್ಕದಾಗಿ ಚೆನ್ನಾಗಿದೆ. ಆದರೆ ಹಸಿ ಶುಂಠಿ ಒಣಗಿದರೆ ಒಣ ಶುಂಠಿ ಆಗುತ್ತೆ ಅಲ್ವಾ? ಹಸಿಬೀಜವನ್ನೂ ಒಣಗಿಸಿಡಬಹುದು ಅಂತ ಅರ್ಥವಾದರೆ ಕಷ್ಟ. ‘ಒಣಗಲೊಲ್ಲದ ಬೀಜ’ ಕಿವಿಗೆ ಚೆಂದ, ಆದರೆ ಬೇಗ ಒಣಗದ್ದು ಅನ್ನಿಸುತ್ತೆ. ಸದ್ಯಕ್ಕೆ ನನ್ನ ಒಲವು ‘ಒಣಗಿಸಬಾರದ ಬೀಜ’ದ ಕಡೆ. ಉದ್ದ ಜಾಸ್ತಿ, ಆದರೂ ಹೆಸರಲ್ಲೇ ಎಚ್ಚರಿಕೆ ಇದೆ. ಕಾಫಿಯದು ಎರಡಕ್ಕೂ ಸೇರದ ಬಗೆ ಅಂತ 1990ರಲ್ಲಿ ಬೇರೆ ಮಾಡಿದರು. ಸ್ವಲ್ಪ ಒಣಗಿದರೆ ತಡೆಯುತ್ತೆ, ತೀರಾ ಒಣಗಿಸಿ ಶೀತದಲ್ಲಿಟ್ಟರೆ ಉಳಿಯಲ್ಲ. ಅದಕ್ಕೆ ಸುಮ್ನೆ ‘ನಡುವಿನದು’ ಅಂತ ಬರೆದುಕೊಂಡಿದ್ದೇನೆ.

ಈಗ ನನ್ನ ಪ್ರಶ್ನೆ. ಹಲಸಿನ ಬೇಳೆಗೆ ಕೆಮ್ಮಣ್ಣು ಸವರಿ ಮಳೆಗಾಲಕ್ಕೆ ಇಡುತ್ತಾರಲ್ಲ, ಹಾಗೆ ಹಸಿ ಆರದಂತೆ ಇಟ್ಟ ಬೀಜಕ್ಕೆ ನಿಮ್ಮ ಕಡೆ ಏನಾದರೂ ಹೆಸರಿದೆಯಾ? ಒಣಗಿ ಸತ್ತ ಬೀಜಕ್ಕೆ ಏನಂತೀರಿ? ‘ಜೊಳ್ಳು’ ಆಗಲ್ಲ, ಅದು ಒಳಗೆ ತಿರುಳೇ ಇಲ್ಲದ್ದು. ತುಳು, ಕೊಡವ, ಹವ್ಯಕ ಮಾತಾದರೂ ಸರಿ, ಜೊತೆಗೆ ಯಾವ ಸೀಮೆಯದು ಅಂತ ಬರೆಯಿರಿ. ಏಪ್ರಿಲ್ ಮುಗಿಯೋದರೊಳಗೆ ತಿಳಿಸಿದರೆ ಈ ಸಲ ಧೂಪ ಉದುರುವ ಮುಂಚೆ ಪುಸ್ತಕ ಅಚ್ಚಾಗುತ್ತೆ.