ಮುಚ್ಚಿದ ರೈಸ್ ಮಿಲ್‌ನ ಮಷಿನ್‌ಗಳನ್ನು ರಸ್ತೆ ಬದಿ ಕಲೆಯಾಗಿ ನಿಲ್ಲಿಸಬಹುದಾ?

ನಾಲೆಯಂಚು:
ನಮ್ಮದು ಭದ್ರಾ ನಾಲೆ ಕಡೆಯ ಸಣ್ಣ ಪಟ್ಟಣ. ಬಸ್ ಸ್ಟ್ಯಾಂಡ್ ಹತ್ತಿರದ ಹಳೇ ರೈಸ್ ಮಿಲ್ ಮುಚ್ಚಿ ಎಷ್ಟೋ ವರ್ಷ ಆಯ್ತು, ಈಗ ಮಿಲ್ ಮನೆಯವರು ಜಾಗ ಮಾರುತ್ತಿದ್ದಾರೆ. ಒಳಗಿನ ಮಷಿನ್‌ಗಳನ್ನು ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಭತ್ತದ ಹೊಟ್ಟು ಬಿಡಿಸುವ ಎರಡು ಹಲ್ಲರ್, ದೊಡ್ಡ ಫ್ಲೈವೀಲ್ ಇರುವ ಆಯಿಲ್ ಎಂಜಿನ್, ಭತ್ತವನ್ನು ಮೇಲಕ್ಕೆ ಹೊರುತ್ತಿದ್ದ ಎಲಿವೇಟರಿನ ತಗಡಿನ ಬಕೆಟ್‌ಗಳು, ಕುಸುಬಲಕ್ಕಿಗೆ ಭತ್ತ ಬೇಯಿಸುತ್ತಿದ್ದ ಬಾಯ್ಲರ್ ಎಲ್ಲಾ ಇವೆ. ಊರಿಗೇ ಕೊಡುವುದಾದರೆ ದುಡ್ಡು ಬೇಡ ಅಂತ ಮನೆಯವರು ಹೇಳಿದ್ದಾರೆ. ನಾವೊಂದಿಷ್ಟು ಜನ ಸೇರಿ ಇವನ್ನು ಸರ್ಕಲ್‌ನಲ್ಲಿ ನಿಲ್ಲಿಸೋಣ ಅಂದುಕೊಂಡಿದ್ದೇವೆ. ಕೆಲವರು ಎಲ್ಲ ಕತ್ತರಿಸಿ ವೆಲ್ಡ್ ಮಾಡಿ ಒಂದು ದೊಡ್ಡ ನವಿಲು ಮಾಡಿಸೋಣ ಅಂತಾರೆ. ಇಂಥದ್ದು ಎಲ್ಲಾದರೂ ಚೆನ್ನಾಗಿ ಆಗಿದೆಯಾ? ತುಕ್ಕು, ಪರ್ಮಿಷನ್ ಇವಕ್ಕೆಲ್ಲ ಏನು ಮಾಡಬೇಕು?

ರಾಲಿ_ಕನ್ನಡಿಗ:
ಆಗಿದೆ, ನಮ್ಮ ಮನೆಯಿಂದ ಒಂದು ಗಂಟೆ ದಾರಿಯಲ್ಲೇ ಇದೆ. ಅಮೆರಿಕದ ನಾರ್ತ್ ಕೆರೊಲಿನಾದ ವಿಲ್ಸನ್ ಅನ್ನೋ ಊರು, ಒಂದು ಕಾಲದಲ್ಲಿ ತಂಬಾಕು ಮಾರುಕಟ್ಟೆಗೆ ಹೆಸರಾಗಿತ್ತು. ಅಲ್ಲೇ ಹತ್ತಿರದ ಲುಕಾಮಾದಲ್ಲಿ ವೋಲಿಸ್ ಸಿಂಪ್ಸನ್ ಅಂತ ಒಬ್ಬರು ಮಷಿನ್ ರಿಪೇರಿ ಮಾಡಿಕೊಂಡಿದ್ದರು. ವಯಸ್ಸಾಗಿ ಕೆಲಸ ಕಡಿಮೆ ಮಾಡಿದ ಮೇಲೆ ಶೆಡ್‌ನಲ್ಲಿ ಬಿದ್ದಿದ್ದ ಫ್ಯಾನು, ಸೈಕಲ್ ಚಕ್ರ, ಬೇರಿಂಗು, ಹಳೇ ರಸ್ತೆ ಫಲಕ ಇವನ್ನೇ ಜೋಡಿಸಿ ಗಾಳಿಗೆ ತಿರುಗುವ ದೈತ್ಯ ಗಿರಗಿಟ್ಲೆಗಳನ್ನು ಮಾಡಿ ಹೊಲದಲ್ಲಿ ನಿಲ್ಲಿಸಿದರು. ಫಲಕದ ಹೊಳೆಯುವ ಹಾಳೆಯನ್ನು ಸಣ್ಣ ಸಣ್ಣ ಚೂರು ಮಾಡಿ ರೆಕ್ಕೆಗಳಿಗೆ ಅಂಟಿಸಿದ್ದರು. ರಾತ್ರಿ ಕಾರಿನ ಹೆಡ್‌ಲೈಟ್ ಬಿದ್ದರೆ ಇಡೀ ಹೊಲ ಮಿನುಗುತ್ತಿತ್ತು. ಬೇರೆ ಲೈಟೇ ಬೇಕಿರಲಿಲ್ಲ.

ಅವರು 2013ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ಬಣ್ಣ ಹೋಗಿ, ಬೇರಿಂಗ್ ಹಿಡಿದು ಎಷ್ಟೋ ಗಿರಗಿಟ್ಲೆ ತಿರುಗುವುದೇ ನಿಂತಿತ್ತು. ಊರಿನವರು ಅವನ್ನು ಬಿಚ್ಚಿ ತಂದು, ಸ್ಥಳೀಯರಿಗೇ ಆ ಕೆಲಸ ಕಲಿಸಿ, ಒಂದೊಂದನ್ನೇ ರಿಪೇರಿ ಮಾಡಿಸಿ, 2017ರಲ್ಲಿ ಪೇಟೆ ಮಧ್ಯದಲ್ಲಿ ಪಾರ್ಕ್ ತೆರೆದರು. ಒಟ್ಟು 30 ಇವೆ. ಹಾಗಾಗಿ ನಿಲ್ಲಿಸುವುದಕ್ಕಿಂತ ಮೊದಲೇ, ಮುಂದೆ ಗ್ರೀಸ್ ಹಾಕುವವರು ಯಾರು, ಬಣ್ಣದ ಖರ್ಚು ಯಾರದ್ದು ಅಂತ ಬರೆದು ಇಟ್ಟುಕೊಳ್ಳಿ.

ಗ್ಯಾಸ್_ಕಟರ್:
ಫ್ಯಾಬ್ರಿಕೇಶನ್ ನನ್ನ ಕೆಲಸ. ದಯವಿಟ್ಟು ನವಿಲು ಬೇಡ. ಹಲ್ಲರಿನ ಬಾಡಿ ಬೀಡು, ಅಂದರೆ ಕಾಸ್ಟ್ ಐರನ್. ಅದಕ್ಕೆ ಮಾಮೂಲಿ ರಾಡಿನಲ್ಲಿ ವೆಲ್ಡ್ ಹೊಡೆದರೆ ಆರುವಾಗ ಪಕ್ಕದಲ್ಲೇ ಬಿರುಕು ಬಿಡುತ್ತೆ. ನಿಕ್ಕಲ್ ರಾಡ್ ಬೇಕು, ಕಾಯಿಸಬೇಕು, ನಿಧಾನಕ್ಕೆ ಆರಿಸಬೇಕು. ಅಷ್ಟೆಲ್ಲ ಯಾಕೆ, ಇರುವ ತೂತುಗಳಲ್ಲೇ ಬೋಲ್ಟ್ ಹಾಕಿ ನಿಲ್ಲಿಸಿ. ಹಲ್ಲರ್ ಹಲ್ಲರ್ ಆಗಿಯೇ ಕಾಣಲಿ. ಭತ್ತ ಸುರಿಯುವ ಬಾಯಿ, ಅಕ್ಕಿ ಬೀಳುವ ದಾರಿ ಎರಡೂ ಕಾಣುವ ಹಾಗೆ ಒಂದು ಬದಿ ತೆರೆದಿಟ್ಟರೆ ಶಾಲೆ ಮಕ್ಕಳಿಗೆ ನೋಡಿದ ಕೂಡಲೇ ಗೊತ್ತಾಗುತ್ತೆ.

ಬಾಯ್ಲರ್ ಮಾತ್ರ ಹುಷಾರು. ಹಳೇ ಬಾಯ್ಲರ್ ಸುತ್ತ ಬಿಳಿ ಹಗ್ಗ, ಗಾರೆ ತರಹ ಮೆತ್ತಿದ್ದರೆ ಅದು ಆಸ್ಬೆಸ್ಟಾಸ್ (ಧೂಳು ಉಸಿರಲ್ಲಿ ಹೋದರೆ ಶ್ವಾಸಕೋಶ ಕೆಡಿಸುವ ನಾರು) ಇರಬಹುದು. ಪರೀಕ್ಷೆ ಆಗುವವರೆಗೂ ಯಾರೂ ಕೆರೆಯಬೇಡಿ, ಒಡೆಯಬೇಡಿ. ಹಳೇ ಬಣ್ಣದಲ್ಲಿ ಸೀಸ ಇರುತ್ತೆ, ಒಣ ಗ್ರೈಂಡಿಂಗ್ ಬೇಡ, ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿ. ಎಂಜಿನ್‌ನ ಡೀಸೆಲ್ ಟ್ಯಾಂಕ್ ಖಾಲಿ ಇದೆ ಅಂತ ಅದಕ್ಕೆ ಗ್ಯಾಸ್ ಕಟರ್ ಹಿಡಿಯಲೇಬೇಡಿ, ಒಳಗಿನ ಆವಿಗೇ ಸಿಡಿಯುತ್ತೆ.

ತುಕ್ಕಿಗೆ ಸುಮ್ನೆ ರೆಡ್ ಆಕ್ಸೈಡ್ ಬಳಿದು ಮೇಲೆ ಎನಾಮಲ್ ಹೊಡೆದರೆ ಮಳೆಗಾಲಕ್ಕೆ ಜಾಸ್ತಿ ದಿನ ತಡೆಯಲ್ಲ. ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್. ಇನ್ನೊಂದು, ನೀರು ನಿಲ್ಲುವ ಕಡೆಯಲ್ಲೆಲ್ಲ ಕೆಳಗೆ ತೂತು ಕೊರೆಯಿರಿ. ಆ ಎಲಿವೇಟರ್ ಬಕೆಟ್‌ಗಳನ್ನು ಮೇಲ್ಮುಖ ಇಟ್ಟರೆ ಒಂದೊಂದೂ ಸೊಳ್ಳೆ ತೊಟ್ಟಿಯೇ. ಫ್ಲೈವೀಲ್ ತಿರುಗದ ಹಾಗೆ ಲಾಕ್ ಮಾಡಿ, ಮಕ್ಕಳು ಕೈ ಹಾಕದೆ ಬಿಡಲ್ಲ.

ಅರ್ಜಿ_ನಕಲು:
ಸರ್ಕಲ್ ಬಿಡಿ. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆ, ಕಟ್ಟಡಕ್ಕೆ ಅನುಮತಿ ಕೊಡಬೇಡಿ ಅಂತ ರಾಜ್ಯಗಳಿಗೆ ಹೇಳಿದೆ. ರಸ್ತೆ ಅಂದಗೊಳಿಸುವ ಕೆಲಸಕ್ಕೆ ಅದರಲ್ಲೇ ವಿನಾಯಿತಿ ಇದೆ, ಆದರೆ ಕಚೇರಿಯಲ್ಲಿ ಅದನ್ನೇ ಹಿಡಿದು ವಾದ ಮಾಡುತ್ತಾ ಕೂರಬೇಕಾಗುತ್ತೆ. ತಿರುವಿನಲ್ಲಿ ಬಸ್ಸಿನವರಿಗೆ ಎದುರಿನ ಗಾಡಿ ಕಾಣದಿದ್ದರೆ ಅದೂ ಅಪಾಯ ಅಲ್ವಾ? ರಸ್ತೆ ಅಂಚಿನಿಂದ ಒಳಗಿರುವ ಪಟ್ಟಣ ಪಂಚಾಯಿತಿ ಪಾರ್ಕ್ ಅಥವಾ ಯಾರಾದರೂ ಬರೆದು ಕೊಡುವ ಸ್ವಂತ ಜಾಗ ನೋಡಿ. ಅಮೆರಿಕದ ನಾರ್ತ್ ಡಕೋಟಾದಲ್ಲಿ ಗ್ಯಾರಿ ಗ್ರೆಫ್ ಅನ್ನೋ ಮೇಷ್ಟ್ರು ಹಳೇ ಎಣ್ಣೆ ಟ್ಯಾಂಕು, ಪೈಪುಗಳಿಂದ ಸುಮಾರು 50 ಕಿಲೋಮೀಟರ್ ದಾರಿಯುದ್ದಕ್ಕೂ ಭಾರೀ ಶಿಲ್ಪಗಳನ್ನು ನಿಲ್ಲಿಸಿದ್ದಾರೆ. ಅವೂ ರಸ್ತೆಯಿಂದ ಪಕ್ಕಕ್ಕೇ ಇವೆ, ಒಂದೊಂದರ ಹತ್ತಿರವೂ ಗಾಡಿ ನಿಲ್ಲಿಸಲು ಜಾಗ ಬಿಟ್ಟಿದ್ದಾರೆ. ಮಿಲ್ ಮನೆಯವರಿಂದ ದಾನಪತ್ರ ಬರೆಸಿಕೊಳ್ಳುವುದು ಮರೀಬೇಡಿ. ನಾಳೆ ಪಾಲಿನ ಜಗಳ ಬಂದರೆ ಎಲ್ಲಾ ವಾಪಸ್ ಕೇಳ್ತಾರೆ.

ನಾಲೆಯಂಚು:
ಎಲ್ಲರಿಗೂ ಥ್ಯಾಂಕ್ಸ್. ನವಿಲು ಕೈಬಿಟ್ಟೆವು. ಸಂತೆ ಮೈದಾನದ ಅಂಚಿನಲ್ಲಿ ಪಂಚಾಯಿತಿ ಪಾರ್ಕ್ ಇದೆ, ರಸ್ತೆಗೆ ಚೆನ್ನಾಗಿ ಕಾಣುತ್ತೆ, ಅಲ್ಲಿಗೇ ಅರ್ಜಿ ಹಾಕುತ್ತೇವೆ. ಮಿಲ್‌ನಲ್ಲಿ ಹಮಾಲಿ ಮಾಡಿದ ಹಿರಿಯರು ಇನ್ನೂ ಇದ್ದಾರೆ, ಯಾವ ಮಷಿನ್ ಯಾವುದರ ಪಕ್ಕದಲ್ಲಿತ್ತು, ಬೆಲ್ಟ್ ಎಲ್ಲಿಂದ ಎಲ್ಲಿಗೆ ಓಡುತ್ತಿತ್ತು ಅಂತ ಅವರನ್ನೇ ಕೇಳಿ ಅದೇ ಕ್ರಮದಲ್ಲಿ ನಿಲ್ಲಿಸುವ ಆಸೆ. ಬಾಯ್ಲರ್ ಸುತ್ತ ಬಿಳಿ ಗಾರೆ ಇರುವುದು ನಿಜ. ಪರೀಕ್ಷೆ ಆಗುವವರೆಗೂ ಆ ಕೋಣೆಗೆ ಬೀಗ ಹಾಕಲು ಮನೆಯವರಿಗೆ ಹೇಳಿದ್ದೇನೆ. ಆಸ್ಬೆಸ್ಟಾಸ್ ಪರೀಕ್ಷೆಗೆ ಸ್ಯಾಂಪಲ್ ತೆಗೆಯುವವರು ದಾವಣಗೆರೆ, ಶಿವಮೊಗ್ಗ ಕಡೆ ಇದ್ದರೆ ತಿಳಿಸಿ.