ಸ್ಪಿಂಡಲ್ ಆನ್ ಮಾಡಿದರೆ ಸುಮ್ನೆ ಲಿಮಿಟ್ ಅಲಾರಂ: ಇನ್ನೊಂದು ಅರ್ಥ್ ಪಿಟ್ ಮಾಡಿಸಬೇಕಾ?

ಪೀಣ್ಯ ರೂಟರ್:
ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ಸಣ್ಣ ಶೆಡ್, ಅಕ್ರಿಲಿಕ್ ಬೋರ್ಡ್ ಕೆಲಸ. ಹೊಸದಾಗಿ ಸಿಎನ್‌ಸಿ ರೂಟರ್ ಕೂರಿಸಿದ್ದೇವೆ. 2.2 ಕಿಲೋವ್ಯಾಟ್ ವಾಟರ್ ಕೂಲ್ಡ್ ಸ್ಪಿಂಡಲ್ (ಕಟರ್ ತಿರುಗಿಸುವ ಮೋಟರ್), 24,000 ಆರ್‌ಪಿಎಂ, 220 ವೋಲ್ಟ್ ವಿಎಫ್‌ಡಿ (ಅದರ ಸ್ಪೀಡ್ ನಿಯಂತ್ರಿಸುವ ಡ್ರೈವ್). ಲಿಮಿಟ್ ಸ್ವಿಚ್‌ಗಳು (ಮೆಷಿನ್ ಅಂಚು ಮುಟ್ಟಿದರೆ ನಿಲ್ಲಿಸುವವು) ಕಂಟ್ರೋಲರ್‌ನ 5 ವೋಲ್ಟ್ ಇನ್‌ಪುಟ್‌ಗೆ. ಸ್ಪಿಂಡಲ್ ಆಫ್ ಇದ್ದಾಗ ಮೆಷಿನ್ ಬಂಗಾರ. ಆನ್ ಮಾಡಿದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಲಿಮಿಟ್ ಅಲಾರಂ ಬರುತ್ತದೆ. ಜಾಬ್ ಅರ್ಧಕ್ಕೆ ನಿಂತು ಶೀಟ್ ದಂಡ. ಎಲೆಕ್ಟ್ರಿಷಿಯನ್ ಹೇಳೋದು, ಅರ್ಥಿಂಗ್ ಸಾಲದು, ಮೆಷಿನ್‌ಗೇ ಬೇರೆ ಪಿಟ್ ಮಾಡಿಸಿ ಅಂತ. ಇಲ್ಲಿ ಸ್ವಲ್ಪ ಅಗೆದರೆ ಬಂಡೆ. ದುಡ್ಡು ಸುರಿಯುವ ಮುಂಚೆ ಕೇಳೋಣ ಅಂತ ಬರೆದೆ.

ಪ್ಯಾನೆಲ್ ಕೆಲಸದವ:
ಪಿಟ್ ಸದ್ಯಕ್ಕೆ ಬೇಡ ಸರ್. ಪಿಟ್ ಇರೋದು ಶಾಕ್ ಹೊಡೆಯದಿರಲಿ ಅಂತ. ನಿಮ್ಮ ತೊಂದರೆ ಬೇರೆ ಜಾತಿಯದು.

ವಿಎಫ್‌ಡಿ ಒಳಗೆ ಡಿಸಿ ಬಸ್ ವೋಲ್ಟೇಜ್ 310ರ ಆಸುಪಾಸು. ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಸ್ಪಿಂಡಲ್‌ಗೆ ಕಳಿಸುತ್ತದೆ. ಪ್ರತಿ ಸಲವೂ ವೋಲ್ಟೇಜ್ ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ಹೊತ್ತಲ್ಲಿ ಏರಿ ಇಳಿಯುತ್ತದೆ. ಆಗ ವೈಂಡಿಂಗ್‌ನಿಂದ ಸ್ಪಿಂಡಲ್ ಬಾಡಿಗೆ ಒಂದಿಷ್ಟು ಕರೆಂಟ್ ದಾಟುತ್ತದೆ. ಆ ಕರೆಂಟಿಗೆ ಭೂಮಿ ಬೇಕಿಲ್ಲ, ವಾಪಸ್ ವಿಎಫ್‌ಡಿಗೆ ಹೋಗಬೇಕು ಅಷ್ಟೇ. ನೆಟ್ಟಗಿನ ದಾರಿ ನೀವು ಕೊಡದಿದ್ದರೆ ಮೆಷಿನ್ ಫ್ರೇಮ್, ಲಿಮಿಟ್ ವೈರ್, ಸಿಕ್ಕಿದ್ದನ್ನೆಲ್ಲ ಹಿಡಿದು ಹೋಗುತ್ತದೆ. 5 ವೋಲ್ಟ್ ಇನ್‌ಪುಟ್ ಕೆಡಿಸಲು ಎರಡು ಮೂರು ವೋಲ್ಟ್ ಸಾಕು.

ಒಂದು ಚೆಕ್ ಮಾಡಿ. ಮೇನ್ ಆಫ್ ಮಾಡಿ, ಕೆಪಾಸಿಟರ್ ಇಳಿಯಲು ಹತ್ತು ನಿಮಿಷ ಬಿಡಿ. ಸ್ಪಿಂಡಲ್ ತಲೆಯ ಮೇಲಿನ ರೌಂಡ್ ಕನೆಕ್ಟರ್ ಬಿಚ್ಚಿ, ನಾಲ್ಕನೇ ಪಿನ್‌ನಿಂದ ಸ್ಪಿಂಡಲ್ ಬಾಡಿಗೆ ಕಂಟಿನ್ಯುಟಿ ನೋಡಿ. ಸ್ಪಿಂಡಲ್ ಕೇಬಲ್‌ನ ಶೀಲ್ಡ್, ಅಂದರೆ ವೈರ್‌ಗಳ ಸುತ್ತ ಇರುವ ಲೋಹದ ಬ್ರೇಡ್, ಎಲ್ಲೆಲ್ಲಿ ಸೇರಿದೆ ಅಂತಲೂ ಹೇಳಿ.

ಪೀಣ್ಯ ರೂಟರ್:
ಬೀಪ್ ಇಲ್ಲ! ತಲೆ ಬಿಚ್ಚಿ ನೋಡಿದರೆ ನಾಲ್ಕನೇ ಪಿನ್‌ಗೆ ಒಳಗೆ ವೈರೇ ಇಲ್ಲ, ಖಾಲಿ. ವಿಎಫ್‌ಡಿ ಕಡೆ ಹಸಿರು ವೈರ್ ಮಾತ್ರ ಟಿಪ್‌ಟಾಪ್ ಆಗಿ ಟೈಟ್ ಮಾಡಿದ್ದಾರೆ. ಶೀಲ್ಡನ್ನು ಆ ಕಡೆ ಹುರಿ ಮಾಡಿ ಸುಮಾರು 15 ಸೆಂಟಿಮೀಟರ್ ಎಳೆದು ಅರ್ಥ್ ಸ್ಕ್ರೂಗೆ ಹಾಕಿದ್ದಾರೆ. ಸ್ಪಿಂಡಲ್ ಕಡೆ ಕತ್ತರಿಸಿ ಟೇಪ್ ಸುತ್ತಿದ್ದಾರೆ. ಶೀಲ್ಡ್ ಒಂದೇ ಕಡೆ ಅರ್ಥ್ ಮಾಡಬೇಕು ಅಲ್ವಾ?

ಯಶವಂತಪುರ ಮೇಂಟೆನೆನ್ಸ್:
ನಮ್ಮಲ್ಲಿ ಎಸ್‌ಎಂಪಿಎಸ್‌ನ (ಡಿಸಿ ಕೊಡುವ ಪವರ್ ಸಪ್ಲೈ) ಅರ್ಥ್ ವೈರ್ ಬಿಚ್ಚಿದ ಮೇಲೆ ಇಂಥದ್ದೇ ಅಲಾರಂ ನಿಂತಿತು. ಟ್ರೈ ಮಾಡಿ.

ಪ್ಯಾನೆಲ್ ಕೆಲಸದವ:
ದಯವಿಟ್ಟು ಅದೊಂದು ಬೇಡ. ಅರ್ಥ್ ಬಿಚ್ಚಿದರೆ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಎಸ್‌ಎಂಪಿಎಸ್ ಬಾಡಿ ಸುಮಾರು 110 ವೋಲ್ಟ್‌ನಲ್ಲಿ ತೇಲುತ್ತದೆ, ಮುಟ್ಟಿದರೆ ಜುಮ್ ಅನ್ನುತ್ತದೆ. ಒಳಗೆ ಇನ್ಸುಲೇಷನ್ ಹೋದರಂತೂ ಬಾಡಿಗೆ ನೇರ ಫೇಸ್. ಅಲಾರಂ ನಿಂತಿತು ಅಂತ ಜೀವ ಪಣಕ್ಕಿಡೋದಾ?

ರೂಟರ್ ಸರ್, ಒಂದೇ ಕಡೆ ಅನ್ನೋದು ಅನಲಾಗ್ ಸಿಗ್ನಲ್ ಕೇಬಲ್‌ಗೆ, 50 ಹರ್ಟ್ಸ್ ಹಮ್ ತಪ್ಪಿಸಲು. ಮೋಟರ್ ಕೇಬಲ್‌ಗೆ ಎರಡೂ ಕಡೆ ಬೇಕು. ಆ ಹುರಿ ಮಲ್ಟಿಮೀಟರ್‌ಗೆ 0 ಓಮ್. ಆದರೆ 10 ಮೆಗಾಹರ್ಟ್ಸ್‌ನಲ್ಲಿ 15 ಸೆಂಟಿಮೀಟರ್ ವೈರ್ ಹೆಚ್ಚುಕಡಿಮೆ 10 ಓಮ್ ಆಗಿ ಕೂರುತ್ತದೆ, ಇಂಡಕ್ಟೆನ್ಸ್‌ನಿಂದ. ಬ್ರೇಡ್ ಸುತ್ತ ಪೂರ್ತಿ ಅಪ್ಪುವ ಹಾಗೆ ಮೆಟಲ್ ಕ್ಲ್ಯಾಂಪ್ ಹಾಕಿ. ಕ್ಲ್ಯಾಂಪ್ ಕೂರುವ ಕಡೆ ಪ್ಯಾನೆಲ್ ಪ್ಲೇಟಿನ ಪೇಂಟ್ ಕೆರೆದು ಬರೀ ಲೋಹ ಮಾಡಿ. ಪೌಡರ್ ಕೋಟಿಂಗ್ ಮೇಲೆ ಎಷ್ಟು ಟೈಟ್ ಮಾಡಿದರೂ ಅದು ಇನ್ಸುಲೇಟರೇ. ವಿಎಫ್‌ಡಿ ಕೂರಿಸಿದ ಜಾಗಕ್ಕೂ ಇದೇ ಮಾತು. ಖಾಲಿ ಪಿನ್‌ಗೆ ಬಾಡಿಯಿಂದ ವೈರ್ ಕೊಡಿಸಿ. ಆಗಲ್ಲ ಅಂದರೆ ಸ್ಪಿಂಡಲ್ ಕ್ಲ್ಯಾಂಪಿನ ಬೋಲ್ಟ್‌ನಿಂದ ವಿಎಫ್‌ಡಿ ಅರ್ಥ್ ಟರ್ಮಿನಲ್‌ಗೆ ವೈರ್ ತನ್ನಿ, ಮೋಟರ್ ಕೇಬಲ್‌ಗೆ ಅಂಟಿಕೊಂಡೇ ಬರಲಿ.

ಲಿಮಿಟ್ ವೈರ್ ಮೋಟರ್ ಕೇಬಲ್ ಇರುವ ಡ್ರ್ಯಾಗ್ ಚೈನ್‌ನಲ್ಲೇ (ಕೇಬಲ್ ಹೊತ್ತು ಚಲಿಸುವ ಸರಪಳಿ) ಇದ್ದರೆ ಆದಷ್ಟು ದೂರ ಮಾಡಿ.

ಪೀಣ್ಯ ರೂಟರ್:
ಪಿನ್‌ಗೆ ವೈರ್ ಹಾಕಿಸಿ, ಎರಡೂ ಕಡೆ ಕ್ಲ್ಯಾಂಪ್ ಮಾಡಿದೆವು. ಸ್ಪಿಂಡಲ್ ಫುಲ್ ಸ್ಪೀಡ್‌ನಲ್ಲಿ ಓಡಿದರೂ ಅಲಾರಂ ಇಲ್ಲ. ಆದರೆ ನೀರಿನ ಪಂಪ್ ಕಾಂಟ್ಯಾಕ್ಟರ್ (ಪಂಪ್ ಆನ್-ಆಫ್ ಮಾಡುವ ರಿಲೇ) ಬಿಡುವಾಗ ಆಗೊಮ್ಮೆ ಈಗೊಮ್ಮೆ ಬರುತ್ತದೆ. ವಿಎಫ್‌ಡಿ ಕ್ಯಾರಿಯರ್, ಅಂದರೆ ವೋಲ್ಟೇಜ್ ಕತ್ತರಿಸುವ ವೇಗ, 4 ಕಿಲೋಹರ್ಟ್ಸ್‌ಗೆ ಇಳಿಸಲಾ?

ಪ್ಯಾನೆಲ್ ಕೆಲಸದವ:
ಬೇಡ. 24,000 ಆರ್‌ಪಿಎಂ ಅಂದರೆ 400 ಹರ್ಟ್ಸ್. ಕ್ಯಾರಿಯರ್ 4 ಮಾಡಿದರೆ ಒಂದು ಸೈಕಲ್‌ಗೆ ಹತ್ತೇ ಪಲ್ಸ್, ಸ್ಪಿಂಡಲ್ ಬಿಸಿಯಾಗುತ್ತದೆ. ಈಗ ಉಳಿದಿರೋದು ಕಾಂಟ್ಯಾಕ್ಟರ್ ಕಾಯಿಲ್‌ನ ಕಿತಾಪತಿ. ಎಸಿ ಕಾಯಿಲ್ ಆದರೆ ಅದರ ಎರಡು ಟರ್ಮಿನಲ್‌ಗೇ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಇರುವ ಸ್ನಬ್ಬರ್ ಹಾಕಿ, ಕಾಯಿಲ್ ಆಫ್ ಆಗುವಾಗ ಏಳುವ ವೋಲ್ಟೇಜನ್ನು ಅದು ನುಂಗುತ್ತದೆ. ಕೆಪಾಸಿಟರ್ ಎಕ್ಸ್2 ದರ್ಜೆಯದೇ (ಮೇನ್ಸ್‌ಗೆ ಹಾಕುವ ಸುರಕ್ಷತಾ ದರ್ಜೆ) ಇರಲಿ. ಎಸ್‌ಪಿ ರೋಡಲ್ಲಿ ಕೇಳಿ. 24 ವೋಲ್ಟ್ ಡಿಸಿ ಕಾಯಿಲ್ ಆದರೆ ಅದೇ ಎರಡು ಟರ್ಮಿನಲ್‌ಗೆ 1ಎನ್4007 ಡಯೋಡ್, ಗೆರೆ ಇರುವ ಕಡೆ ಪ್ಲಸ್‌ಗೆ.

ಬಿಡುವಾದಾಗ ಲಿಮಿಟ್‌ಗಳನ್ನೂ 24 ವೋಲ್ಟ್‌ಗೆ ಬದಲಿಸಿ, ಆಪ್ಟೋ ಬೋರ್ಡ್ (ಸಿಗ್ನಲ್ಲನ್ನು ಬೆಳಕಿನ ಮೂಲಕ ದಾಟಿಸುವ ಬೋರ್ಡ್) ಮೂಲಕ, ನಾರ್ಮಲಿ ಕ್ಲೋಸ್ಡ್ ವೈರಿಂಗ್‌ನಲ್ಲಿ, ಅಂದರೆ ಸ್ವಿಚ್ ಮುಟ್ಟದಿದ್ದಾಗ ಸರ್ಕ್ಯೂಟ್ ಕೂಡಿರುವ ಹಾಗೆ. ವೈರ್ ತುಂಡಾದರೂ ಆಗ ಮೆಷಿನ್ ನಿಲ್ಲುತ್ತದೆ.